ಚೌಕಟ್ಟಿನ ಹೊರಗುಳಿದ ಮರ

ಮಾರ್ಗಶಿರದ ಬೆಳಗಿನಲ್ಲಿ ಹಾನಗಲ್ಲಿನ ಆನೆಕೆರೆಯ ದಂಡೆಯ ಮೇಲೆ ನಿಂತವರಿಗೆ ನೀರೆಲ್ಲಿ, ಮಂಜೆಲ್ಲಿ ಎಂಬುದೇ ತಿಳಿಯದು. ಹುಬ್ಬಳ್ಳಿಯ ಆ ನಿವೃತ್ತ ಉಪಾಧ್ಯಾಯರು ಹೆಗಲಿಗೆ ಕ್ಯಾಮೆರಾ ತೂಗುಹಾಕಿಕೊಂಡು ಪ್ರತಿ ಚಳಿಗಾಲವೂ ಈ ಸೀಮೆಗೆ ಬರುವರು. ತಣ್ಣಗಾದ ಮಸೂರ ಚಹದಂಗಡಿಯ ಕಾವಿಗೆ ಬೆವರುವುದೆಂದು, ಕ್ಯಾಮೆರಾವನ್ನು ಚೀಲದಲ್ಲಿ ಬಿಗಿದೇ ಒಳಹೊಗುವರು. ಶಿಗ್ಗಾವಿ ತಾಲ್ಲೂಕಿನ ಬಂಕಾಪುರದ ಕೋಟೆಯಲ್ಲಿ ನವಿಲುಗಳುಂಟು. ಆದರೆ ಮಳೆಗಾಲ ಕಳೆದೊಡನೆ ಗಂಡುನವಿಲು ಉದ್ದಗರಿಗಳನ್ನು ಉದುರಿಸಿಬಿಡುತ್ತದೆ. ಬೋಳುನವಿಲಿನ ಪಟ ಯಾರಿಗೆ ಬೇಕು? ಹಿರೇಕೆರೂರ ಸೀಮೆಯ ಮದಗ-ಮಾಸೂರು ಕೆರೆಗಾದರೋ ಹೊತ್ತೇರಿದ ಮೇಲೆ ಹೋದರೂ ನಡೆದೀತು.

ಅವರ ಜೀವವೆಲ್ಲ ಸವಣೂರಿನಲ್ಲಿ. ದೊಡ್ಡಹುಣಸೆ ಕಲ್ಮಠದ ಮೂರು ಮರಗಳು ಆಫ್ರಿಕಾ ಮೂಲದ ಜಾತಿಯವು. ಚಳಿಗಾಲದಲ್ಲಿ ಎಲೆ ಕಳಚಿ, ಬೇರು ಮೇಲಾಗಿ ನೆಟ್ಟಂತೆ ನಿಲ್ಲುತ್ತವೆ. ಎಳೆಬಿಸಿಲು ಓರೆಯಾಗಿ ಬಿದ್ದಾಗ ಬೂದುತೊಗಟೆಯ ಒಂದೊಂದು ಮಡಿಕೆಯೂ ಆನೆಯ ಚರ್ಮದಂತೆ ಎದ್ದು ಕಾಣುವುದು. ಮೂರನ್ನೂ ಒಂದೇ ಚೌಕಟ್ಟಿಗೆ ಹಿಡಿಸುವುದು ಸುಲಭವಲ್ಲ. ಅವರು ಎಂದೂ ಎರಡನ್ನೇ ತೆಗೆಯುತ್ತಿದ್ದರು.

2023ರ ಜುಲೈ ಮಳೆಯಲ್ಲಿ ಒಂದು ಮರ ಉರುಳಿತು. ಅದನ್ನು ಮತ್ತೆ ಎತ್ತಿ ನೆಟ್ಟರೆಂಬ ಸುದ್ದಿಯೂ ಬಂತು. ಉಪಾಧ್ಯಾಯರು ಹಳೆಯ ಪಟಗಳನ್ನೆಲ್ಲ ಹರಡಿಕೊಂಡು ಕುಳಿತರು. ಬಿದ್ದುದು ಅವರು ಬಿಟ್ಟ ಮರವೇ! ಒಂದರಲ್ಲಿ ಮಾತ್ರ ಅದರ ಅಂಚು ಸಿಕ್ಕಿತ್ತು. ಪಕ್ಕದಲ್ಲಿ ಬುತ್ತಿಗಂಟು ಹಿಡಿದು ನಿಂತ ಪತ್ನಿ.

"ಆ ಗಿಡದ್ದೂ ತೆಗೀರಿ ಅಂತ ನಾ ಅವತ್ತ ಹೇಳಿದ್ದೆ," ಎಂದರಾಕೆ, ಕನ್ನಡಕ ಏರಿಸಿ ನೋಡಿ.

ಅವರು ಉತ್ತರಿಸಲಿಲ್ಲ. ಆ ಪಟವನ್ನು ದೊಡ್ಡದು ಮಾಡಿಸಲು ಪೇಟೆಗೆ ಹೊರಟರು.