ಗೊರುಕನ ಕುಣಿಯೋರ ನೆಲ ಯಾವುದು?

ನಮ್ಮ ಕುಣಿತವನ್ನು ನಾಡಿನವರು ಬಹಳ ಮೆಚ್ಚುತ್ತಾರೆ. ಉತ್ಸವ ಇರಲಿ, ಜನವರಿ ಇಪ್ಪತ್ತಾರು ಇರಲಿ, ಯಾರೋ ಮಂತ್ರಿಯ ಸ್ವಾಗತ ಇರಲಿ, 'ಸೋಲಿಗರ ತಂಡ ಕರೆಸ್ರಿ' ಅಂತಾರೆ. ಬೆಟ್ಟಕ್ಕೆ ವ್ಯಾನು ಬರುತ್ತದೆ. ನಡುವಿಗೆ ಸೊಪ್ಪು ಕಟ್ಕಳಿ ಅಂತಾರೆ. ಪೋಡಿನಲ್ಲಿ ನಾವು ಪಂಚೆ, ಪ್ಯಾಂಟು, ಸೀರೆಯಲ್ಲೇ ಕುಣಿಯೋರು. ಆದರೆ ಸೊಪ್ಪಿಲ್ಲದ ಸೋಲಿಗ ಅವರ ಕಣ್ಣಿಗೆ ಸೋಲಿಗನೇ ಅಲ್ಲ. ಹತ್ತು ನಿಮಿಷ ಕುಣಿಸಿ, ಮೈಕು ಕಿತ್ತುಕೊಂಡು, ಶಾಲು ಹೊದಿಸಿ ಕಳಿಸುತ್ತಾರೆ. ಮಾರನೇ ದಿನ ಅದೇ ನಾವು ಅರ್ಜಿ ಹಿಡಿದು ಕಚೇರಿಗೆ ಹೋದರೆ, 'ಸಾಹೇಬ್ರು ಮೀಟಿಂಗಲ್ಲವ್ರೆ, ನಾಳೆ ಬನ್ನಿ'. ಆ ನಾಳೆ ಇನ್ನೂ ಬಂದಿಲ್ಲ.

ಈ ಮಾತು ಬರೀ ಸಿಟ್ಟಿಗೆ ಹೇಳುತ್ತಿಲ್ಲ. ಗೊರುಕನ ಏನು ಅಂತ ಗೊತ್ತಿಲ್ಲದೆ ಅದಕ್ಕೆ ಚಪ್ಪಾಳೆ ಹೊಡೆಯುವುದು ನಮಗೆ ತಮಾಷೆಯಾಗಿ ಕಾಣುತ್ತದೆ. ರಾಗಿ ಒಕ್ಕಣೆ ಆದ ಮೇಲೆ ರೊಟ್ಟಿ ಹಬ್ಬ ಮಾಡುತ್ತೇವೆ. ಹೊಸ ರಾಗಿಯ ರೊಟ್ಟಿ ಮೊದಲು ದೇವರಿಗೆ, ಆಮೇಲೆ ನಮಗೆ. ರಾತ್ರಿ ಬೆಂಕಿಯ ಸುತ್ತ ಹೆಜ್ಜೆ ಶುರುವಾದರೆ ಬೆಳಗಿನವರೆಗೂ ನಿಲ್ಲುವುದಿಲ್ಲ. ಹಾಡಿನಲ್ಲಿ ಹಕ್ಕಿ ಬರುತ್ತದೆ, ಮೃಗ ಬರುತ್ತದೆ, ಹೂವು, ಬೆಟ್ಟ, ಹಳ್ಳ ಒಂದೊಂದಾಗಿ ಹೆಸರು ಹೇಳಿಸಿಕೊಂಡು ಬರುತ್ತವೆ. ಓದು ಬರಹ ಇಲ್ಲದ ಅಜ್ಜಿ ಮೊಮ್ಮಗಳ ಕೈ ಹಿಡಿದು ಹೆಜ್ಜೆ ಕಲಿಸುವಾಗ ಕಾಡಿನ ಪಾಠವೂ ಅಲ್ಲೇ ಆಗಿಹೋಗುತ್ತದೆ. ಮೇಷ್ಟ್ರೇ, ನಿಮ್ಮ ಶಾಲೆಯ ವಾರ್ಷಿಕೋತ್ಸವದಲ್ಲಿ ಈ ಕುಣಿತ ಆಡಿಸುವಾಗ ಆ ಅಜ್ಜಿಯನ್ನ ಒಂದು ಸಲ ಕರೆಸಿ ಕೇಳಿ.

ನಮ್ಮ ನೆಲಕ್ಕೆ ಎಲ್ಲೆ ಇದೆ. ಒಂದೊಂದು ಕುಲಕ್ಕೆ ಒಂದೊಂದು ಎಲ್ಲೆ. ಎಲ್ಲೆಯೊಳಗೆ ದೇವರು, ಮಾರಮ್ಮ, ವೀರು, ಸತ್ತವರ ಕಲ್ಲುಗುಡಿ, ನೀರಿನ ಅಬ್ಬಿ ಇರುತ್ತವೆ. ಭಾರ್ಗವಿ ಹೊಳೆ ದಡದ ದೊಡ್ಡಸಂಪಿಗೆ ನಮಗೆ ಮರ ಅಲ್ಲ, ದೇವರು. ಸರ್ವೆ ಕಲ್ಲು ನೆಟ್ಟವರಿಗೆ ಇದು ಯಾವುದೂ ಕಾಣಲಿಲ್ಲ. 1974ರಲ್ಲಿ ಬಿಳಿಗಿರಿರಂಗನ ಬೆಟ್ಟ ವನ್ಯಧಾಮ ಆಯಿತು. ಒಳಗಾಡಿನ ಪೋಡುಗಳನ್ನ ಎತ್ತಿ ರಸ್ತೆ ಪಕ್ಕಕ್ಕೆ, ಕಾಡಂಚಿಗೆ ತಂದು ಹಾಕಿದರು. ಹುಟ್ಟಿದ ಜಾಗಕ್ಕೆ ಹೋಗಿ ಪೂಜೆ ಮಾಡಿದರೂ ಅತಿಕ್ರಮಣ! 2002ರಲ್ಲಿ ವನ್ಯಜೀವಿ ಕಾಯ್ದೆಗೆ ತಿದ್ದುಪಡಿ ಬಂದ ಮೇಲೆ ಜೇನು, ನೆಲ್ಲಿಕಾಯಿ, ಪಾಚಿ ಮಾರುವುದಕ್ಕೂ ಕಲ್ಲು ಬಿತ್ತು.

ಇನ್ನು ಬೆಂಕಿಯ ಮಾತು. ನಮ್ಮನ್ನ ಕಾಡು ಸುಡೋರು ಅಂತ ಬೈದು ಬೈದು ದಣಿದಿದ್ದಾರೆ. ನಮ್ಮ ಹಿರಿಯರು ಹಾಕುತ್ತಿದ್ದುದು ತರಗು ಬೆಂಕಿ. ಬೇಸಿಗೆ ಏರುವ ಮೊದಲು, ನೆಲದಲ್ಲಿ ಇನ್ನೂ ಪಸೆ ಇರುವಾಗ, ಒಣಗಿದೆಲೆಗೆ ಹಚ್ಚಿದ ಬೆಂಕಿ ಮೊಣಕಾಲು ದಾಟುತ್ತಿರಲಿಲ್ಲ. ಮರದ ಬುಡ ಬೆಚ್ಚಗಾಗುತ್ತಿತ್ತು, ಅಷ್ಟೇ. ಹುಲ್ಲು ಚಿಗುರುತ್ತಿತ್ತು, ಲಂಟಾನದ ಸಸಿ ಸಾಯುತ್ತಿತ್ತು, ನೆಲ್ಲಿ ಮರದ ರಕ್ತ ಹೀರುವ ಉಪ್ಪಿಲು ಬಂದಳಿಕೆಯೂ ಹತೋಟಿಯಲ್ಲಿತ್ತು ಅನ್ನುತ್ತಾರೆ ಹಿರೀಕರು. ಬೆಂಕಿ ನಿಲ್ಲಿಸಿದರು. ಪೊಗದಸ್ತಾಗಿ ಬೆಳೆದದ್ದು ಲಂಟಾನ. 1997ರಲ್ಲಿ ಅಳೆದು ನೋಡಿದ್ದ ವಿಜ್ಞಾನಿಗಳು 2008ರಲ್ಲಿ ಮತ್ತೆ ಅಳೆದಾಗ ಅದು ಹಬ್ಬಿದ ಜಾಗ ಹೆಚ್ಚು ಕಡಿಮೆ ಎರಡು ಪಟ್ಟಾಗಿತ್ತು. ಒಣ ಲಂಟಾನಕ್ಕೆ ಏಪ್ರಿಲಿನಲ್ಲಿ ಕಿಡಿ ಬಿದ್ದರೆ ಅದು ತರಗು ಬೆಂಕಿಯಲ್ಲ, ಮರದ ನೆತ್ತಿಗೇ ಏರುತ್ತದೆ. ಬಿಸಿಲು ಏರುತ್ತಿದೆ, ಮಳೆ ಹೇಳಿದ ಹೊತ್ತಿಗೆ ಬರುತ್ತಿಲ್ಲ, ಹವಾಮಾನ ಬದಲಾಗಿದೆ ಅಂತ ಈಗ ಪಟ್ಟಣದ ಸಭೆಗಳಲ್ಲಿ ಭಾಷಣ ಆಗುತ್ತಿದೆ. ಸಂತೋಷ. ಆ ಸಭೆಯ ಉದ್ಘಾಟನೆಗೂ ನಮ್ಮನ್ನೇ ಕುಣಿಸುತ್ತಾರೆ, ಚರ್ಚೆಗೆ ಮಾತ್ರ ಕುರ್ಚಿ ಇಲ್ಲ.

ಆದರೆ ಕುಣಿತ ಒಂದು ಸಲ ನಮ್ಮ ಕೈ ಹಿಡಿಯಿತು. 2006ರ ಅರಣ್ಯ ಹಕ್ಕು ಕಾಯ್ದೆಯ ನಿಯಮದಲ್ಲಿ ಹಿರಿಯರ ಹೇಳಿಕೆಯೂ ಸಾಕ್ಷಿ. ಪವಿತ್ರ ಮರ, ಬನ, ಸಮಾಧಿ ನೆಲವೂ ಸಾಕ್ಷಿ. ನಮ್ಮ ಹತ್ತಿರ ಪಹಣಿ ಎಲ್ಲಿತ್ತು? ಹಾಡಿನಲ್ಲಿ ಕೇಳಿದ್ದ, ಹಬ್ಬಕ್ಕೆ ನಡೆದು ಹೋಗುತ್ತಿದ್ದ ಜಾಗಗಳ ನೆನಪಿತ್ತು. ಹಿರಿಯರು ಮುಂದೆ ನಡೆದರು, ಹುಡುಗರು ಯಂತ್ರ ಹಿಡಿದು ಗುರುತು ಹಾಕಿದರು, ನೂರಾರು ತಾಣಗಳು ನಕಾಶೆಗೆ ಏರಿದವು. 2011ರ ಜನವರಿಯಲ್ಲಿ ಬೆಟ್ಟವನ್ನ ಹುಲಿ ಸಂರಕ್ಷಿತ ಪ್ರದೇಶ ಅಂತ ಸಾರಿದರು. ಅದೇ ವರ್ಷ ಅಕ್ಟೋಬರ್ 2ರಂದು 25 ಪೋಡುಗಳ ಗ್ರಾಮಸಭೆಗಳಿಗೆ ಸಮುದಾಯ ಹಕ್ಕುಪತ್ರ ಬಂತು. ಹುಲಿ ಕಾಡಿನೊಳಗೆ ಇಂಥ ಹಕ್ಕು ದೇಶದಲ್ಲೇ ಮೊದಲು. ಆವತ್ತು ನಾವು ಕುಣಿದೆವು. ಯಾರೂ ಕುಣೀರಿ ಅಂದಿರಲಿಲ್ಲ.

ಹಕ್ಕುಪತ್ರ ಗೋಡೆ ಮೇಲಿದೆ. ಕಾಡನ್ನ ಕಾಯುವ, ಉಸ್ತುವಾರಿ ಮಾಡುವ ಹಕ್ಕು ಸಮುದಾಯದ್ದು ಅಂತ ಕಾಯ್ದೆ ಹೇಳಿದರೂ, ಲಂಟಾನ ಎಲ್ಲಿ ಕೀಳಬೇಕು, ಯಾವಾಗ ತರಗು ಸುಡಬೇಕು ಅನ್ನೋದನ್ನ ನಮ್ಮನ್ನ ಕೇಳೋರು ಯಾರು? ಅತ್ತ ನಾಗರಹೊಳೆಯ ಜೇನುಕುರುಬ ಅಣ್ಣತಮ್ಮಂದಿರು 2025ರ ಮೇ ತಿಂಗಳಲ್ಲಿ ತಮ್ಮನ್ನ ಎಬ್ಬಿಸಿದ್ದ ಕರಡಿಕಲ್ಲು ಹಾಡಿಗೆ ವಾಪಸು ನಡೆದರು. ಸುದ್ದಿ ಕೇಳಿ ನಮ್ಮ ಪೋಡಿನಲ್ಲಿ ರಾತ್ರಿ ಬಹಳ ಹೊತ್ತು ಮಾತು ನಡೆಯಿತು.

ಬರುವ ರೊಟ್ಟಿ ಹಬ್ಬಕ್ಕೆ ಬನ್ನಿ ಗೆಳೆಯರೇ. ರಾತ್ರಿ ಉಳಿಯೋ ಹಾಗಿದ್ದರೆ ಕಂಬಳಿ ತನ್ನಿ, ಚಳಿ ಜಾಸ್ತಿ. ಅರಣ್ಯ ಹಕ್ಕು ಕಾಯ್ದೆಯ ಕನ್ನಡ ಪ್ರತಿ ಸಿಕ್ಕರೆ ನಾಲ್ಕೈದು ಹಿಡಕಂಡು ಬನ್ನಿ, ನಮ್ಮಲ್ಲಿರೋದು ಕೈಯಿಂದ ಕೈಗೆ ಹೋಗಿ ಹರಿದುಹೋಗಿದೆ.