ಹೊಗೆ ಹಿಡಿಯಲು ಹೋದವರು

ಉಗಿ ಇಂಜಿನ್ ನೋಡಬೇಕೆಂದು ಊಟಿ ರೈಲಿಗೆ ಟಿಕೆಟ್ ಮಾಡಿಸುವವರಿಗೆ ಮೊದಲೇ ಹೇಳಿಬಿಡುತ್ತೇನೆ: ಟಿಕೆಟ್ ಸಿಕ್ಕಿದರೆ ಇಂಜಿನ್ ಕಾಣುವುದಿಲ್ಲ. ಘಾಟಿ ಹತ್ತುವಾಗ ಅದು ಗಾಡಿಯ ಹಿಂದಿರುತ್ತದೆ; ಕೆಟ್ಟು ನಿಂತ ಕೆಂಪು ಬಸ್ಸನ್ನು ಜನ ಇಳಿದು ತಳ್ಳುವ ಹಾಗೆ ಬೋಗಿಗಳನ್ನು ದಬ್ಬಿಕೊಂಡು ಹೋಗುತ್ತದೆ. ಒಳಗೆ ಕೂತವರ ಪಾಲಿಗೆ ಬರೀ ಸದ್ದು, ಒಂದಿಷ್ಟು ಹೊಗೆ. ನಮಗೆ ಟಿಕೆಟ್ ಸಿಗಲಿಲ್ಲ ಎಂದಾಗ ಅಳಿಯ ಬೇಸರಪಡುವುದಿರಲಿ, ಕುಣಿದುಬಿಟ್ಟ. ಅವನಿಗೆ ಬೇಕಾಗಿದ್ದದ್ದು ಪ್ರಯಾಣವಲ್ಲ, ವೀಡಿಯೊ.

ಅಳಿಯ ಚನ್ನರಾಯಪಟ್ಟಣದವನು. ಅವರೂರಿನ ಮೇಲೆ ಬೆಂಗಳೂರಿನವರೆಗೆ ರೈಲು ಓಡಿದ್ದೇ 2017ರಲ್ಲಿ. ಆ ಹಳಿಗೆ ಉಗಿ ಇಂಜಿನ್ನಿನ ಪರಿಚಯವೇ ಇಲ್ಲ. ಜೊತೆಗೆ ಬಂದ ಭಾವ ಅರಕಲಗೂಡಿನವರು. ಆ ಊರಿಗೆ ಇವತ್ತಿಗೂ ರೈಲಿಲ್ಲ, ಹಾಗಾಗಿ ಯಾವ ಇಂಜಿನ್ನಾದರೂ ಅವರಿಗೆ ಒಂದೇ. ಹೊಗೆ ಕುಡಿದೇ ಬೆಳೆದವರು ಅಂದರೆ ಹೊಳೆನರಸೀಪುರದ ದೊಡ್ಡಪ್ಪ ಒಬ್ಬರೇ. ಮೈಸೂರಿನಿಂದ ಹೊಳೆನರಸೀಪುರ, ಹಾಸನದ ಮೇಲೆ ಅರಸೀಕೆರೆಗೆ ಹೋಗುವ ದಾರಿ ಸಂಸ್ಥಾನದ ಕಾಲದ್ದು. ತೊಂಬತ್ತರ ದಶಕದಲ್ಲಿ ಬ್ರಾಡ್‌ಗೇಜ್ ಆಗುವ ತನಕ ಅಲ್ಲಿದ್ದದ್ದು ಮೀಟರ್‌ಗೇಜ್. ಹಾಸನದವನಾದ ನನ್ನ ಕೆಲಸ ಕಾರು ಓಡಿಸುವುದು.

ಹಿಂದಿನ ರಾತ್ರಿ ಕೂನೂರಿನಲ್ಲಿ ತಂಗಿದ್ದು, ಕತ್ತಲಿರುವಾಗಲೇ ಘಾಟಿ ಇಳಿದು ಕಲ್ಲಾರಿಗೆ ಬಂದೆವು. ಮೆಟ್ಟುಪಾಳ್ಯದಿಂದ ಹೊರಟ ಗಾಡಿಗೆ ನಿಜವಾದ ಏರು ಶುರುವಾಗುವುದು ಇಲ್ಲಿಂದ. ಎರಡು ಹಳಿಗಳ ನಡುವೆ ಹಲ್ಲುಪಟ್ಟಿ ಹಾಕಿದ್ದಾರೆ. ಇಂಜಿನ್ನಿನ ಹಲ್ಲಿನ ಚಕ್ರ ಅದನ್ನು ಕಚ್ಚಿಕೊಂಡು ಹತ್ತಬೇಕು. ಹನ್ನೆರಡೂವರೆ ಅಡಿ ಮುಂದೆ ಹೋದರೆ ಒಂದು ಅಡಿ ಮೇಲೆ, ಅಂಥ ಏರು. ಇಂಜಿನ್ನಿಗೆ ಎರಡು ಜೊತೆ ಸಿಲಿಂಡರು: ಒಂದು ಜೊತೆ ಮಾಮೂಲಿ ಚಕ್ರಕ್ಕೆ, ಇನ್ನೊಂದು ಹಲ್ಲಿನ ಚಕ್ರಕ್ಕೆ. ಸ್ವಿಟ್ಜರ್ಲೆಂಡಿನ ವಿಂಟರ್‌ಥೂರ್‌ನಲ್ಲಿ ಹುಟ್ಟಿದ ಈ ಮಾದರಿಯನ್ನು ಈಗ ತಿರುಚಿನಾಪಳ್ಳಿಯ ಪೊನ್ಮಲೈ ವರ್ಕ್‌ಶಾಪಿನಲ್ಲೂ ಕಟ್ಟಿದ್ದಾರೆ.

ಗಾಡಿ ಬಂತು. ಎಲ್ಲಕ್ಕಿಂತ ಮುಂದಿನ ಬೋಗಿಯ ಮೂತಿಯಲ್ಲಿ ಪುಟ್ಟ ಜಗಲಿಯಂಥ ಜಾಗ. ಅಲ್ಲಿ ಬಾವುಟ ಹಿಡಿದು ಬ್ರೇಕ್ಸ್‌ಮನ್ ನಿಂತಿದ್ದ. ಇಂಜಿನ್ ಹಿಂದಿರುವುದರಿಂದ ಡ್ರೈವರನಿಗೆ ಮುಂದಿನ ದಾರಿ ಕಾಣದು. ಒಂದೊಂದು ಬೋಗಿಗೂ ಒಬ್ಬೊಬ್ಬ ಬ್ರೇಕ್ಸ್‌ಮನ್. ಮುಂದಿನವನು ಬಾವುಟ ತೋರಿಸಿದರೆ ಹಿಂದಿನವನು, ಅವನನ್ನು ನೋಡಿ ಅವನ ಹಿಂದಿನವನು, ಹೀಗೆ ಸುದ್ದಿ ಕೈಯಿಂದ ಕೈಗೆ ಇಂಜಿನ್ನಿನ ತನಕ ಹೋಗುತ್ತದೆ. ಇಂಜಿನ್ನಿಗಿಂತ ನನ್ನ ಕಣ್ಣಿಗೆ ಕಟ್ಟಿದ್ದು ಇದು. ಅಳಿಯನ ವೀಡಿಯೊದಲ್ಲಿ ಒಬ್ಬ ಬ್ರೇಕ್ಸ್‌ಮನ್ನೂ ಇಲ್ಲ, ಅವನು ಹೊಗೆಯನ್ನೇ ಕಾಯುತ್ತಿದ್ದ.

ಆಮೇಲೆ ಗಾಡಿಗಿಂತ ಮೊದಲು ಕೂನೂರು ಮುಟ್ಟುವ ಧಾವಂತ. ಉಗಿಬಂಡಿಯನ್ನು ಹಿಂದೆ ಹಾಕುವುದು ಕಷ್ಟವೇನಲ್ಲ, ಏರಿನಲ್ಲಿ ಅದರ ವೇಗ ಹೆಚ್ಚುಕಡಿಮೆ ಸೈಕಲ್ಲಿನದು. ದಾರಿಯಲ್ಲಿ ಕ್ಯಾರೆಟ್ ರೇಟು ವಿಚಾರಿಸಲು ಭಾವ ಎರಡು ಕಡೆ ಕಾರು ನಿಲ್ಲಿಸಿದರು. ಆದರೂ ಟೀ ಕುಡಿದು, ಪ್ಲಾಟ್‌ಫಾರಂ ಟಿಕೆಟ್ ತಗೊಂಡು ನಿಲ್ಲುವಷ್ಟು ಹೊತ್ತಿತ್ತು.

ಗಾಡಿ ಬಂದು ನಿಂತಿತು. ಇಲ್ಲಿಂದ ಊಟಿಗೆ ಡೀಸೆಲ್ ಇಂಜಿನ್. ಉಗಿಯದನ್ನು ಬಿಚ್ಚಿ ಬೇರೆ ಮಾಡುತ್ತಾರೆ. ಪ್ಲಾಟ್‌ಫಾರಂ ತುಂಬ ಎತ್ತಿ ಹಿಡಿದ ಫೋನುಗಳು. ಮುಂದಿನವರ ಫೋನಿನಲ್ಲಿ ಇಂಜಿನ್ ನೋಡುತ್ತಾ ಹಿಂದಿನವರು ಅದನ್ನೇ ಚಿತ್ರ ತೆಗೆಯುತ್ತಿದ್ದರು. ದೊಡ್ಡಪ್ಪ ಕೈ ಹಿಂದೆ ಕಟ್ಟಿ ಮೂಗರಳಿಸಿದರು.

"ಇದೇನ್ಲಾ, ಕಲ್ಲಿದ್ದಲು ವಾಸನೇನೇ ಇಲ್ಲ?"

ಇಲ್ಲಿಯ ಹಲವು ಇಂಜಿನ್‌ಗಳು ಈಗ ಎಣ್ಣೆ ಉರಿಸುತ್ತವೆ ಎಂದೆ.

"ಹಂಗಾದ್ರೆ ಕಣ್ಣಿಗೆ ಕಿಡಿ ಬೀಳಲ್ಲ ಅನ್ನು" ಎಂದು ಶುರುಮಾಡಿದವರು ನಿಲ್ಲಿಸಲೇ ಇಲ್ಲ. ಕಾಲೇಜಿಗೆ ಹಾಸನಕ್ಕೆ ಹೋಗಿ ಬರುತ್ತಿದ್ದದ್ದು. ಕಿಟಕಿ ಪಕ್ಕ ಕೂತವನ ಬಿಳಿ ಅಂಗಿ ಸಂಜೆಗೆ ಬೂದಿ ಬಣ್ಣವಾಗುತ್ತಿದ್ದದ್ದು. ಹೇಮಾವತಿ ಸೇತುವೆ ಬಂದರೆ ಹೆಂಗಸರು ಕಾಸು ಹುಡುಕುತ್ತಿದ್ದದ್ದು. ಕಣ್ಣಿಗೆ ಕಿಡಿ ಬಿದ್ದರೆ ಗುರುತಿಲ್ಲದ ಹೆಂಗಸೂ ಸೆರಗಿನ ತುದಿ ಸುರುಳಿ ಸುತ್ತಿ, ಬಾಯಿಂದ ಉಫ್ ಉಫ್ ಎಂದು ಬಿಸಿ ಮಾಡಿ ಕಣ್ಣಿಗೆ ಒತ್ತುತ್ತಿದ್ದದ್ದು. ಅದನ್ನು ಹೇಳುವಾಗ ಪಂಚೆಯ ಚುಂಗನ್ನೇ ಸುತ್ತಿ ಭಾವನ ಕಣ್ಣಿನ ಮೇಲಿಟ್ಟು ತೋರಿಸಿದರು.

"ತಾತ, ಸ್ವಲ್ಪ ಸುಮ್ನಿರಿ, ಆಡಿಯೊ ಹಾಳಾಗ್ತದೆ" ಎಂದ ಅಳಿಯ.

ಹಾಳಾಗಲಿಲ್ಲ. ಇಂಜಿನ್ನಿನ ಉಸ್ಸೆನ್ನುವ ಸದ್ದಿನ ಮೇಲೆ ದೊಡ್ಡಪ್ಪನ ಮಾತು ಸ್ಪಷ್ಟವಾಗಿ ಕೂತಿತ್ತು. ಊರಿಗೆ ಬಂದ ಮೇಲೆ ಅಳಿಯ ಅದನ್ನೆಲ್ಲ ಕತ್ತರಿಸಿ, ಸಿನಿಮಾ ಹಾಡು ಹಾಕಿ, ಮನೆಮಂದಿಗೆಲ್ಲ ಕಳಿಸಿದ. ಚೆನ್ನಾಗಿದೆ ಎಂದು ಎಲ್ಲರೂ ಹೆಬ್ಬೆರಳೆತ್ತಿದರು. ನಾನು ಮಾತ್ರ ಕತ್ತರಿಸಿದ ತುಂಡನ್ನೇ ಇಸ್ಕೊಂಡೆ. ನೀಲಗಿರಿಯ ರೈಲಿಗೆ ಯುನೆಸ್ಕೊ 2005ರಲ್ಲೇ ಮಾನ್ಯತೆ ಕೊಟ್ಟಿದೆ, ಅದನ್ನು ಚಿತ್ರ ತೆಗೆಯುವವರು ದಿನಾ ಬರುತ್ತಾರೆ. ನಮ್ಮ ಕಡೆ ಉಗಿ ಇಂಜಿನ್ ಓಡುತ್ತಿದ್ದಾಗ ಕ್ಯಾಮೆರಾ ಯಾರ ಹತ್ತಿರ ಇತ್ತು?

ಇಂಜಿನ್ನಿನ ಗಾತ್ರ ನೋಡಬೇಕಾದರೆ ಮೈಸೂರಿನ ರೈಲ್ವೆ ಮ್ಯೂಸಿಯಂ ಇದೆ, 1979ರಿಂದ ತೆರೆದಿದೆ, ಅದು ಎಲ್ಲಿಗೂ ಹೋಗುವುದಿಲ್ಲ. ಹೊಳೆನರಸೀಪುರ, ಮಾವಿನಕೆರೆ, ಹಾಸನ, ಅರಸೀಕೆರೆ ಕಡೆ ನಿಮ್ಮ ಮನೆಯಲ್ಲಿ ಆ ಗಾಡಿ ಹತ್ತಿ ಓಡಾಡಿದ ಹಿರಿಯರಿದ್ದರೆ ಈ ಭಾನುವಾರವೇ ಮಾತಿಗೆ ಕೂರಿಸಿ, ಫೋನು ಆನ್ ಮಾಡಿಡಿ. ನಡುವೆ ಸುಮ್ಮನಿರಿ ಎನ್ನಬೇಡಿ.