ಭೂರ್ಜವಿಲ್ಲದ ನಾಡಿನಲ್ಲಿ ಭೂರ್ಜ

ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಕಾಡನ್ನು ಎಷ್ಟು ಸುತ್ತಿದರೂ ತಾನಾಗಿ ಬೆಳೆದ ಒಂದು ಭೂರ್ಜವೃಕ್ಷವೂ ಕಣ್ಣಿಗೆ ಬೀಳುವುದಿಲ್ಲ. ಶರಾವತಿಯ ಕೊಳ್ಳದಲ್ಲಿ, ಕೊಡಚಾದ್ರಿಯ ಇಳಿಜಾರಿನಲ್ಲಿ, ತುಂಗೆಯ ದಂಡೆಯಲ್ಲಿ ಧೂಪ, ನಂದಿ, ಮತ್ತಿ, ಹೊನ್ನೆಗಳುಂಟು; ಭೂರ್ಜವಿಲ್ಲ. ಆದರೂ ಯಂತ್ರ ಬರೆಯುವವರಿಗೆ, ತಾಯಿತ ಕಟ್ಟುವವರಿಗೆ ಭೂರ್ಜಪತ್ರವು ಗ್ರಂದಿಗೆ ಅಂಗಡಿಯ ಪರಿಚಿತ ಸರಕು. ಕಾವ್ಯ ಓದಿದವರಿಗಂತೂ ಅದು ಇನ್ನಷ್ಟು ಪರಿಚಿತ. ಮರ ಬಾರದ ನಾಡಿಗೆ ಅದರ ತೊಗಟೆ ಬಂದಿದೆ, ಹೆಸರೂ ಬಂದಿದೆ. ಹೀಗೆ ಮರವನ್ನು ಬಿಟ್ಟು ಬಂದ ಹೆಸರು ಓದುಗನನ್ನು ದಾರಿ ತಪ್ಪಿಸುವುದೂ ಉಂಟು.

ಮೊದಲ ತೊಡಕು 'ಪತ್ರ' ಎಂಬ ಮಾತಿನದು. ಪತ್ರವೆಂದರೆ ಎಲೆ, ಆದ್ದರಿಂದ ಭೂರ್ಜಪತ್ರವೂ ಒಂದು ಬಗೆಯ ಓಲೆಯಿರಬೇಕೆಂದು ವಿದ್ಯಾರ್ಥಿಗಳು ಊಹಿಸುತ್ತಾರೆ. ಅದು ಎಲೆಯಲ್ಲ, ಹಿಮಾಲಯದ ಎತ್ತರದಲ್ಲಿ, ಮರಗಳ ಸೀಮೆ ಮುಗಿಯುವ ಕಡೆ ಬೆಳೆಯುವ ವೃಕ್ಷವೊಂದರ ಹೊರತೊಗಟೆ. ಕಾಗದದಂತೆ ಪದರಪದರವಾಗಿ ಸುಲಿದು ಬರುತ್ತದೆ. ಅಮರಕೋಶವು ಈ ಮರಕ್ಕೆ ಕೊಡುವ ಪರ್ಯಾಯನಾಮಗಳು ಚರ್ಮಿ ಮತ್ತು ಮೃದುತ್ವಚ. ಎರಡೂ ತೊಗಟೆಯನ್ನು ಕುರಿತವೇ. ಕೋಶಕಾರನಿಗೆ ಇಲ್ಲದ ಗೊಂದಲ ನಮ್ಮದಾಗಿದೆ.

ಕ್ರಿ.ಶ. 1030ರ ಸುಮಾರಿಗೆ ಬರೆದ ಅಲ್‌ಬಿರೂನಿಯು ಈ ಭೇದವನ್ನು ಸ್ಪಷ್ಟವಾಗಿ ಕಂಡಿದ್ದ: ದಕ್ಷಿಣದವರು ತಾಳೆಯ ಗರಿಯ ಮೇಲೆ ಬರೆಯುತ್ತಾರೆ, ಮಧ್ಯದೇಶದವರೂ ಉತ್ತರದವರೂ ಭೂರ್ಜದ ತೊಗಟೆಗೆ ಎಣ್ಣೆ ಸವರಿ, ನಯಮಾಡಿ ಬರೆಯುತ್ತಾರೆ. 1881ರಲ್ಲಿ ಪತ್ತೆಯಾದ ಬಖ್ಶಾಲಿ ಗಣಿತಗ್ರಂಥ, 1931ರಲ್ಲಿ ದೊರೆತ ಗಿಲ್ಗಿಟ್ ಬೌದ್ಧಗ್ರಂಥಗಳು ಭೂರ್ಜದ ಮೇಲಿನವು. ಮೂಡಬಿದಿರೆಯ ಧವಲಾ ಪ್ರತಿಗಳು ಓಲೆಯವು. ಕೆಳದಿಯ ವಸ್ತುಸಂಗ್ರಹಾಲಯದಲ್ಲಿ ಓಲೆಯ ಜೊತೆಗೆ ಕಡತಗಳೂ ಇವೆ. ಹುಣಿಸೆಬೀಜದ ಸರಿ ಮತ್ತು ಇದ್ದಿಲಿನ ಪುಡಿ ಬಳಿದ ಬಟ್ಟೆಯ ಮೇಲೆ ಬಳಪದಿಂದ ಬರೆದವು ಇವು. ಪ್ರತಿಯೊಂದು ಸೀಮೆಯೂ ತನ್ನ ಕೈಗೆ ಸಿಕ್ಕಿದ್ದರ ಮೇಲೆ ಬರೆಯಿತು.

ಈ ಭೇದ ಕಾವ್ಯಾರ್ಥಕ್ಕೂ ಮುಟ್ಟುತ್ತದೆ. ಕುಮಾರಸಂಭವದ ಮೊದಲ ಸರ್ಗದಲ್ಲಿ ವಿದ್ಯಾಧರ ಸುಂದರಿಯರು ಭೂರ್ಜದ ಮೇಲೆ ಧಾತುರಸದಿಂದ ಪ್ರೇಮಲೇಖ ಬರೆಯುತ್ತಾರೆ. ಅಕ್ಷರಗಳು ಕೆಂಪಾಗಿ ಮೂಡುತ್ತವೆ. ಕಂಠದಿಂದ ಗೀರಿ ಮಸಿ ತೀಡುವ ಓಲೆಯಲ್ಲಿ ಆ ಚಿತ್ರಕ್ಕೆ ಆಸ್ಪದವಿಲ್ಲ. ವಿಕ್ರಮೋರ್ವಶೀಯದಲ್ಲಿ ಊರ್ವಶಿಯ ಪತ್ರ ಗಾಳಿಗೆ ಹಾರಿ ರಾಣಿಯ ಕಡೆಗೆ ಸೇರುತ್ತದೆ. ನಾಟಕದ ತಿರುವು ನಿಂತಿರುವುದೇ ಆ ತೊಗಟೆಯ ಹಗುರತನದ ಮೇಲೆ. ಭೂರ್ಜವನ್ನು 'ಓಲೆ' ಎಂದು ಅನುವಾದಿಸಿದರೆ ಆ ಹಗುರತನ ಮಸುಕಾಗುತ್ತದೆ.

ಸಸ್ಯಶಾಸ್ತ್ರಜ್ಞರಿಗೂ ಈ ಮರದ ಸ್ಥಾನ ಸುಲಭವಾಗಿ ಒದಗಲಿಲ್ಲ. ಲಿನೇಯಸ್ 1753ರಲ್ಲಿ ಆಲ್ಡರ್ ಮರವನ್ನೂ ಭೂರ್ಜದ ಬೆಟುಲ ಕುಲಕ್ಕೇ ಸೇರಿಸಿದ. ಮರುವರ್ಷವೇ ಮಿಲ್ಲರ್ ಅದನ್ನು ಆಲ್ನಸ್ ಎಂದು ಬೇರ್ಪಡಿಸಿದ. ಹಿಮಾಲಯದ ಭೂರ್ಜಕ್ಕೆ ಬೆಟುಲ ಯುಟಿಲಿಸ್ ಎಂಬ ಹೆಸರಿಟ್ಟವನು ಡೇವಿಡ್ ಡಾನ್, 1825ರಲ್ಲಿ. ಯುಟಿಲಿಸ್ ಎಂದರೆ ಉಪಯುಕ್ತ. ಬೆಂಥಮ್ ಮತ್ತು ಹೂಕರ್ ಇದನ್ನು ಓಕ್ ಮರಗಳ ಜೊತೆ ಒಂದೇ ಕುಟುಂಬದಲ್ಲಿಟ್ಟರು. ಹಚಿನ್ಸನ್ ಹೇಜಲ್ ಮೊದಲಾದವನ್ನು ಪ್ರತ್ಯೇಕ ಕುಟುಂಬಗಳಾಗಿ ಒಡೆದ. ಈಗಿನ ಒಪ್ಪಿತ ಮತದಂತೆ ಬೆಟುಲೇಸಿಯೀ ಎಂಬ ಒಂದೇ ಕುಟುಂಬ, ಅದರಲ್ಲಿ ಎರಡು ಉಪಕುಟುಂಬ, ಆರು ಕುಲ. ಬೆಟುಲ, ಆಲ್ನಸ್ ಒಂದು ಕಡೆ. ಕೋರಿಲಸ್, ಕಾರ್ಪಿನಸ್, ಆಸ್ಟ್ರಿಯ, ಆಸ್ಟ್ರಿಯಾಪ್ಸಿಸ್ ಇನ್ನೊಂದು ಕಡೆ. ಭೂರ್ಜದ ಹಣ್ಣಿನ ಗೊಂಚಲು ಮಾಗಿದಾಗ ಉದುರಿ ಚೆದುರುತ್ತದೆ. ಆಲ್ಡರಿನದು ಮರದಂತೆ ಗಟ್ಟಿಯಾಗಿ ಕೊಂಬೆಯಲ್ಲೇ ಉಳಿಯುತ್ತದೆ. ಲಿನೇಯಸ್ ಒಂದುಗೂಡಿಸಿದ್ದನ್ನು ಬೇರೆಯಾಗಿ ಕಾಣಲು ಇಷ್ಟು ಗುರುತು ಸಾಕು.

ಇಂತಹ ಸ್ಥಾನಪಲ್ಲಟ ಮಲೆನಾಡಿನ ಗಿಡಕ್ಕೂ ಆಗಿದೆ. ಹೊಸನಗರ ತಾಲ್ಲೂಕಿನ ಹೊಂಬುಜದಲ್ಲಿ ಲಕ್ಕಿಯ ಮರ ಪೂಜ್ಯ. ಜಿನದತ್ತರಾಯನು ಪದ್ಮಾವತಿಯ ಬಿಂಬದೊಡನೆ ಬಂದು ಅದರ ನೆರಳಿನಲ್ಲಿ ವಿಶ್ರಮಿಸಿದನೆಂಬುದು ಸ್ಥಳಪುರಾಣ. ಹಿಂದಿನ ಸಸ್ಯಗ್ರಂಥಗಳು ಲಕ್ಕಿಯನ್ನೂ ತೇಗವನ್ನೂ ವರ್ಬಿನೇಸಿಯೀ ಕುಟುಂಬದಲ್ಲಿಟ್ಟಿದ್ದವು. ಇಂದು ಎರಡೂ ತುಳಸಿಯ ಕುಟುಂಬಕ್ಕೆ ಸೇರಿವೆ. ಕುಟುಂಬ ಬದಲಾದರೂ ಭಕ್ತರ ಬಾಯಲ್ಲಿ ಲಕ್ಕಿ ಲಕ್ಕಿಯೇ. ಜನರು ಹೆಸರಿಟ್ಟದ್ದು ಎದುರಿನ ಗಿಡಕ್ಕೆ. ಶಾಸ್ತ್ರ ಹೆಸರಿಡುವುದು ಗಿಡಗಳ ನಂಟಿಗೆ. ಹಾಗೆಂದು ಹಳಬರು ನಂಟನ್ನು ಗಮನಿಸಲಿಲ್ಲವೆನ್ನುವಂತಿಲ್ಲ. ತಾಳೆ, ಖರ್ಜೂರಗಳನ್ನು ಅಮರಸಿಂಹ ತೃಣದ್ರುಮಗಳೆಂದ, ಹುಲ್ಲಿನ ಜಾತಿಯ ಮರಗಳೆಂದು. ಹುಲ್ಲನ್ನೂ ತಾಳೆಯನ್ನೂ ಏಕದಳ ಸಸ್ಯಗಳೆಂದು ಒಂದೆಡೆ ಇರಿಸುವ ಆಧುನಿಕ ಶಾಸ್ತ್ರಕ್ಕೆ ಈ ಮಾತು ಹತ್ತಿರದ್ದು.

'ಭೂರ್ಜ' ಎಂಬ ಶಬ್ದಕ್ಕೂ ಕುಟುಂಬವುಂಟು. ಇಂಗ್ಲಿಷಿನ ಬರ್ಚ್, ರಷ್ಯನ್ನಿನ ಬೆರ್ಯೋಜ ಅದರ ಜ್ಞಾತಿಗಳು. ಶೀತದೇಶದ ಜನರು ಒಂದೇ ಮರವನ್ನು ಕಂಡು ಉಳಿಸಿಕೊಂಡ ಈ ಶಬ್ದ ಸಂಸ್ಕೃತದ ಮೂಲಕ ಕನ್ನಡಕ್ಕೆ ಇಳಿಯಿತು. ಕನ್ನಡದ ಸ್ವಂತ ಮಾತು ಓಲೆ: ಗರಿಗೂ ಅದೇ, ಕಾಗದಕ್ಕೂ ಅದೇ, ಕಿವಿಯ ಆಭರಣಕ್ಕೂ ಅದೇ.

ಹಸ್ತಪ್ರತಿಯನ್ನು ಸಂಪಾದಿಸುವವರು ಪಾಠಾಂತರಗಳನ್ನು ಎಣಿಸುವ ಮೊದಲು ಅದು ಯಾವುದರ ಮೇಲೆ ಬರೆದದ್ದೆಂದು ಕೇಳಬೇಕು. ತೊಗಟೆಯಲ್ಲಿ ಪದರ ಕಳಚಿ ಅಕ್ಷರ ಹೋಗುತ್ತದೆ. ಓಲೆಯಲ್ಲಿ ನಾರಿನ ಗುಂಟ ಸೀಳಿ, ಹುಳು ತಿಂದು ಹೋಗುತ್ತದೆ. ಕಡತದಲ್ಲಿ ಒರೆಸಿ ಹೋಗುತ್ತದೆ. ಲೋಪದ ಬಗೆ ತಿಳಿಯದೆ ಲುಪ್ತಪಾಠವನ್ನು ಊಹಿಸುವುದು ಅಪಾಯ. ಈ ಮೂರು ತಾಲ್ಲೂಕುಗಳ ಹಳೆಯ ಮನೆಗಳ ಅಟ್ಟದಲ್ಲಿ ಓಲೆಕಟ್ಟುಗಳು ಇನ್ನೂ ಇವೆ. ಓದಲು ಬಾರದವರು ಅವುಗಳನ್ನು ಪೂಜಿಸಿ, ಕೊನೆಗೆ ಹೊಳೆಗೆ ಬಿಟ್ಟದ್ದೂ ಉಂಟು. ಹಿಮಾಲಯದ ತೊಗಟೆಯನ್ನು ಹಣ ಕೊಟ್ಟು ತಂದು ತಾಯಿತದಲ್ಲಿಡುವ ಮನೆಯೇ ತನ್ನ ಅಟ್ಟದ ಓಲೆಯನ್ನು ನೀರಿಗೆ ಬಿಡುವುದಾದರೆ, ಅದನ್ನು ಓದಿ ಹೇಳಬಲ್ಲವರು ಸಕಾಲದಲ್ಲಿ ಆ ಮೆಟ್ಟಿಲು ಹತ್ತಲಿಲ್ಲವೆಂದೇ ಅರ್ಥ.